ಅತ್ತೆಯ ದಮ್ಮು ನನಗೆ ಬಂದ ಬಗೆ

ನಾನು ಮದುವೆಯಾಗಿ ಬಂದ ಕಂಪ್ಲಿಯ ಮನೆಗೆ ಬಾಗಿಲು ಎಂದರೆ ಗಿರಣಿಯ ಬಾಗಿಲೇ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ, ಅದನ್ನು ದಾಟಿದರೆ ನಡುಮನೆ, ಅದರ ಹಿಂದೆ ಅಡುಗೆಮನೆ, ಬಚ್ಚಲು. ಸೇರಕ್ಕಿ ಒದ್ದು ಒಳಗೆ ಬಂದ ದಿನವೇ ನನ್ನ ಹಸಿರು ಸೀರೆಯ ಅಂಚಿಗೆ ಹಿಟ್ಟು ಹತ್ತಿತ್ತು. ನಡುಮನೆಯ ದೇವರ ಫೋಟೊಗಳ ಮೇಲೆ, ಮಡಿಸಿಟ್ಟ ಹಾಸಿಗೆಯ ಮೇಲೆ, ಫ್ಯಾನಿನ ರೆಕ್ಕೆಗಳ ಮೇಲೆ ಯಾವಾಗಲೂ ತೆಳ್ಳಗೆ ಬಿಳಿ ಕೂತಿರುತ್ತಿತ್ತು. ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಅಷ್ಟೇ. ಒರೆಸುವುದು ನನ್ನ ಕೆಲಸವಾಯಿತು, ಬೀಸುವುದು ಅತ್ತೆಯ ಕೆಲಸ.

ಗಿರಣಿ ಹಾಕಿದವರು ಮಾವ. ಅವರು ತೀರಿಕೊಂಡಾಗ ಅತ್ತೆಗೆ ಇನ್ನೂ ಚಿಕ್ಕ ವಯಸ್ಸು. ಕಂಕುಳಲ್ಲಿ ನನ್ನ ಗಂಡ, ಸೆರಗು ಹಿಡಿದು ನಿಂತ ಮಗಳು. ಗಿರಣಿ ಮಾರಿ ತವರಿಗೆ ಹೋಗೆಂದು ಮನೆಯ ಹಿರಿಯರು ಹೇಳಿದರಂತೆ. ಅತ್ತೆ ಹೋಗಲಿಲ್ಲ. ಬೆಲ್ಟು ಹಾಕುವುದು, ಮೋಟಾರು ಚಾಲೂ ಮಾಡುವುದು, ಸವೆದ ಬೀಸುಕಲ್ಲಿಗೆ ಉಳಿಪೆಟ್ಟು ಕೊಟ್ಟು ಮತ್ತೆ ಒರಟು ಮಾಡುವುದು, ಎಲ್ಲವನ್ನೂ ಕಲಿತರು. ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಬಿಸಿಬಿಸಿ ಇಳಿಯುವ ಹಿಟ್ಟನ್ನು ಹೆಬ್ಬೆಟ್ಟು, ತೋರುಬೆರಳ ನಡುವೆ ತಿಕ್ಕಿ ನೋಡಿ, ರೊಟ್ಟಿ ಹರಿಯುತ್ತದೋ ಇಲ್ಲವೋ ಹೇಳುತ್ತಿದ್ದರು. ಓಣಿಯ ಹೆಂಗಸರು ಜೋಳದ ಡಬ್ಬಿ, ಗೋಧಿಯ ಚೀಲ ಸಾಲಾಗಿ ಇಟ್ಟು ಕಟ್ಟೆಯ ಮೇಲೆ ಕೂತು ಅವರೊಂದಿಗೆ ಸುಖ ದುಃಖ ಮಾತಾಡುತ್ತಿದ್ದರು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅತ್ತೆಯ ದನಿಯೇ ಎತ್ತರವಾಗಿತ್ತು. ನಡುಮನೆಯಲ್ಲಿ ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತಿತ್ತು.

ನಮ್ಮಿಬ್ಬರಲ್ಲಿ ಜಗಳ ಆಗುತ್ತಿರಲಿಲ್ಲ ಎಂದೇನೂ ಹೇಳಲಾರೆ. ಉಪ್ಪಿಗೆ, ನೀರಿಗೆ, ನನ್ನ ನಿದ್ದೆಗೆ ಅವರು ಬೈಯುತ್ತಿದ್ದರು. ನಾನು ಎರಡು ದಿನ ಮಾತು ಬಿಡುತ್ತಿದ್ದೆ. ಮೂರನೆಯ ದಿನ ಅವರೇ ಗಿರಣಿಯಿಂದ ಕೂಗುತ್ತಿದ್ದರು: "ಬಾ ಇಲ್ಲಿ, ಹೆಣ್ಮಕ್ಕಳಿಗೆ ಒಂದು ಮಷೀನಾರ ನಡಸಾಕ ಬರಬೇಕು." ಹಾಗೆ ಕರೆದು ಕರೆದೇ ನನಗೆ ಗಿರಣಿ ಕಲಿಸಿದರು. ಮಗಳು ಹುಟ್ಟಿದಾಗ ನನ್ನನ್ನು ಬಾಣಂತನಕ್ಕೆ ತವರಿಗೆ ಕಳಿಸದೆ ತಾವೇ ನೀರೆರೆದು, ತಾವೇ ಕೆಂಡದಲ್ಲಿ ಮೈ ಕಾಸಿದರು.

ಅವರಿಗೆ ದಮ್ಮು ಇತ್ತು. ನಾನು ಬಂದ ಹೊಸತರಲ್ಲಿ ಬರೀ ಸೀನು ಇತ್ತು. ಬೆಳಿಗ್ಗೆ ಗಿರಣಿ ಚಾಲೂ ಆಗುತ್ತಲೇ ಸಾಲು ಸೀನು, ಮೂಗು ಕಣ್ಣಿನಲ್ಲಿ ನೀರು. ಆಮೇಲೆ ಕೆಮ್ಮು ಶುರುವಾಯಿತು. ಆಮೇಲೆ ಎದೆಯಲ್ಲಿ ಸೀಟಿ ಊದಿದಂತೆ ಸದ್ದು. ಜೋಳದ ಹಿಟ್ಟಿಗೆ ಅಷ್ಟಿಲ್ಲ, ಗೋಧಿ ಬೀಸುವಾಗ ಹೆಚ್ಚು. ಅತ್ತೆ ಅದಕ್ಕೆ ಗೋಧಿಯ ಉಷ್ಣ ಎನ್ನುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ, ಬಂದವರ ಜೊತೆ ಮಾತಾಡುವುದು ಹೇಗೆ ಎಂದು ಕೇಳುತ್ತಿದ್ದರು. ಆಡುಸೋಗೆ ಸೊಪ್ಪಿನ ಕಷಾಯ ಕುಡಿದರು, ಮೆಣಸು ಬೆಲ್ಲ ತಿಂದರು, ಉಸಿರು ತೀರ ಕಟ್ಟಿದಾಗ ನನ್ನ ಗಂಡ ಕರೆದೊಯ್ದು ಸೂಜಿ ಹಾಕಿಸಿಕೊಂಡು ಬರುತ್ತಿದ್ದರು. ಅತ್ತೆಯ ಅಪ್ಪನಿಗೂ ಕೆಮ್ಮು ಇತ್ತಂತೆ. ಮನೆತನದ ರೋಗ ಎಂದು ಎಲ್ಲರೂ ಒಪ್ಪಿಬಿಟ್ಟಿದ್ದರು.

ವರ್ಷಕ್ಕೊಮ್ಮೆ ಅತ್ತೆ ಸಂಡೂರಿನ ಮಗಳ ಮನೆಗೆ ಹೋಗಿ ಒಂದಿಷ್ಟು ವಾರ ಇದ್ದು ಬರುತ್ತಿದ್ದರು. ನನ್ನ ಗಂಡನ ಅಕ್ಕ ಅವರು. ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಸಂಡೂರೆಂದರೆ ನಮ್ಮ ಕಡೆ ಗಣಿಯ ಊರು, ಅದಿರಿನ ಲಾರಿಗಳ ಊರು. ಅಕ್ಕನ ಮನೆಯ ಮುಂದಿನ ಬೇವಿನ ಮರದ ಎಲೆಗಳೂ ಕೆಂಪಾಗಿರುತ್ತಿದ್ದವು. ಅಂಥ ಊರಿನಲ್ಲಿ ಅತ್ತೆಗೆ ದಮ್ಮು ಬರುತ್ತಿರಲಿಲ್ಲ. ಹೋದ ಮೊದಲ ವಾರ ಕೆಮ್ಮು ಇಳಿಯುತ್ತಿತ್ತು, ಆಮೇಲೆ ರಾತ್ರಿಯಿಡೀ ಮಲಗುತ್ತಿದ್ದರು, ಗುಡ್ಡದ ಮೇಲಿನ ಗುಡಿಗೂ ನಡೆದು ಹೋಗಿಬರುತ್ತಿದ್ದರು. ಕಂಪ್ಲಿಗೆ ತಿರುಗಿ ಬಂದರೆ ನಾಲ್ಕು ದಿನದಲ್ಲಿ ಮತ್ತೆ ಸೀಟಿ.

ಇದನ್ನು ಎಲ್ಲರೂ ನೋಡಿದ್ದರು. ಎಲ್ಲರೂ ಅದಕ್ಕೆ ಒಂದೇ ಅರ್ಥ ಹಚ್ಚಿದರು. ಮಗಳ ಮನೆಯಲ್ಲಿ ಸುಖ, ಸೊಸೆಯ ಕೈಯಲ್ಲಿ ದಮ್ಮು. ಗಿರಣಿಯ ಕಟ್ಟೆಯ ಮೇಲೆ ಕೂತ ಹೆಂಗಸರು ನಗುತ್ತಾ ಹೇಳುತ್ತಿದ್ದರು, ನಾನು ಒಳಗೆ ಪಾತ್ರೆ ತಿಕ್ಕುತ್ತಾ ಕೇಳುತ್ತಿದ್ದೆ. ಅಕ್ಕ ನಗಲಿಲ್ಲ, ನಂಬಿದರು. ಅತ್ತೆಯನ್ನು ಕರೆದುಕೊಂಡು ಹೋಗಲು ಬಂದಾಗಲೆಲ್ಲ ಅವರು ನನ್ನ ಜೊತೆ ಕಡಿಮೆ ಮಾತಾಡುತ್ತಿದ್ದರು. ನಾನಿಟ್ಟ ಚಹಾ ಆರುತ್ತಿತ್ತು.

ಅತ್ತೆ ತೀರಿಕೊಂಡದ್ದು ಯುಗಾದಿಯ ಮುಂಚೆ. ಹೋಳಿಗೆಗೆಂದು ಊರಿನವರೆಲ್ಲ ಗೋಧಿ ತಂದು ಹಾಕಿದ್ದರು. ಬೆಳಿಗ್ಗೆಯಿಂದ ಗಿರಣಿ ನಿಂತಿರಲಿಲ್ಲ. ನಾನು ಬೀಸುತ್ತೇನೆ, ನೀವು ಕುಂದ್ರಿ ಎಂದರೆ ಕೇಳಲಿಲ್ಲ. ಹಬ್ಬದ ಹಿಟ್ಟು ಕೆಟ್ಟರೆ ಮಂದಿ ವರ್ಷವೆಲ್ಲ ಆಡಿಕೊಳ್ಳುತ್ತಾರೆ ಎಂದರು. ಮಧ್ಯಾಹ್ನ ನಾನು ಅನ್ನ ಬಸಿಯುತ್ತಿದ್ದಾಗ ಯಾರೋ ಕೂಗಿದರು. ಬಂದು ನೋಡಿದರೆ ಅತ್ತೆ ಗೋಡೆ ಹಿಡಿದು ನಿಂತಿದ್ದರು. ಭುಜ ಎರಡೂ ಮೇಲೆ ಕೆಳಗೆ ಆಡುತ್ತಿದ್ದವು, ಬಾಯಿಂದ ಮಾತು ಬರುತ್ತಿರಲಿಲ್ಲ. ಕೈ ಮಾತ್ರ ಸ್ವಿಚ್ಚಿನ ಕಡೆ ತೋರಿಸುತ್ತಿತ್ತು. ಮೇಲಿನ ಡಬ್ಬದಲ್ಲಿ ಕಾಳು ಮುಗಿದಿತ್ತು. ಕಲ್ಲು ಬರೀ ತಿರುಗಿದರೆ ಹಾಳಾಗುತ್ತದೆ ಎಂಬ ಚಿಂತೆ ಅವರಿಗೆ. ನಾನು ಬಂದ್ ಮಾಡಿದೆ. ಆಟೋದಲ್ಲಿ ಊರಿನ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹೊಸಪೇಟೆಗೆ ಎಂದು ಹೊರಟೆವು. ಮೂಗಿಗೆ ಆಕ್ಸಿಜನ್ ಇತ್ತು, ತಲೆ ನನ್ನ ತೊಡೆಯ ಮೇಲಿತ್ತು. ನನ್ನ ತವರೂರು ಬುಕ್ಕಸಾಗರ ದಾಟಿದ್ದು ನೆನಪಿದೆ. ಕಮಲಾಪುರ ಬರುವಷ್ಟರಲ್ಲಿ ಅವರ ಎದೆಯ ಸದ್ದು ನಿಂತಿತು. ಸದ್ದು ನಿಂತದ್ದು ಒಳ್ಳೆಯದಾಯಿತು ಎಂದುಕೊಂಡೆ ನಾನು.

ಅತ್ತೆಯ ಶಿವಗಣಾರಾಧನೆಯ ದಿನ, ಬಂದವರೆಲ್ಲ ಉಂಡು ಎದ್ದ ಮೇಲೆ, ಅಕ್ಕ ತಮ್ಮ ಬ್ಯಾಗು ತೆಗೆದುಕೊಂಡು ಹೊರಟರು. ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದರು: "ನಮ್ಮವ್ವ ನನ್ನ ಮನ್ಯಾಗ ಇದ್ದಿದ್ರ ಇನ್ನ ಹತ್ತು ವರ್ಷ ಬದುಕ್ತಿದ್ಲು." ನನ್ನ ಗಂಡ ಏನೋ ಹೇಳಲು ಹೋದರು, ನಾನು ಬೇಡವೆಂದೆ. ಅವತ್ತಿನಿಂದ ಅಕ್ಕ ಕಂಪ್ಲಿಗೆ ಬರುವುದನ್ನು ಬಿಟ್ಟರು.

ಗಿರಣಿ ನನಗೆ ಬಂತು. ನನ್ನ ಗಂಡನದು ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ. ಗದ್ದೆಗೆ ನೀರು ಬಿಡುವ ಕಾಲದಲ್ಲಿ ಅವರಿಗೆ ಉಸಿರಾಡಲು ಬಿಡುವಿಲ್ಲ, ಉಳಿದ ಕಾಲದಲ್ಲಿ ಕೆಲಸವೇ ಇಲ್ಲ. ಗಿರಣಿಯಿಂದಲೇ ಮನೆ ಸಮ ನಡೆಯುತ್ತಿತ್ತು. ಮೊದಮೊದಲು ಹೆಂಗಸರು ಹಿಟ್ಟು ಮುಟ್ಟಿ ನೋಡಿ, ನಿಮ್ಮತ್ತೆಯ ಕೈ ಬೇರೆ ಎನ್ನುತ್ತಿದ್ದರು. ಆಮೇಲೆ ಹೇಳುವುದನ್ನು ಬಿಟ್ಟರು. ನನಗೂ ಆ ಕೆಲಸ ಸೇರತೊಡಗಿತು. ಕಲ್ಲು ಸರಿಯಾಗಿ ಕೂತಾಗ ಒಂದು ತೆರನಾದ ತುಂಬಿದ ಸದ್ದು ಬರುತ್ತದೆ, ಅದನ್ನು ಕೇಳುತ್ತಾ ನಿಲ್ಲುವುದು ನನಗೆ ಇಷ್ಟವಾಗಿತ್ತು.

ಕೆಲವು ವರ್ಷ ಏನೂ ಆಗಲಿಲ್ಲ. ಒಂದು ಚಳಿಗಾಲ ಬೆಳಿಗ್ಗೆ ಸೀನು ಶುರುವಾಯಿತು. ನೆಗಡಿ ಎಂದುಕೊಂಡೆ. ನೆಗಡಿ ಬೇಸಿಗೆಗೂ ಹೋಗಲಿಲ್ಲ. ಕಣ್ಣು ತುರಿಸುತ್ತಿತ್ತು, ಮಲಗಿದರೆ ಕೆಮ್ಮು ಎಬ್ಬಿಸುತ್ತಿತ್ತು, ನೀರಿನ ಕೊಡ ಎತ್ತಿದರೆ ಎದೆ ಬಿಗಿಯುತ್ತಿತ್ತು. ಒಂದು ದಿನ ಗೋಧಿ ಹಾಕಿ ನಿಂತಿದ್ದಾಗ ನನ್ನೊಳಗಿಂದಲೇ ಆ ಸೀಟಿ ಕೇಳಿಸಿತು. ಅತ್ತೆಯದೇ ಸದ್ದು. ಗಂಡನಿಗೆ ಹೇಳಲು ಒಂದು ವಾರ ಹಿಡಿಯಿತು.

ಓಣಿಯವರಿಗೆ ಆಶ್ಚರ್ಯವಾಗಲಿಲ್ಲ. ಅತ್ತೆಯದು ಸೊಸೆಗೆ ಬಂದಿದೆ ಎಂದರು. ಒಬ್ಬರು ಅದನ್ನು ಅತ್ತೆಯ ಶಾಪ ಎಂದೂ ಅಂದರಂತೆ. ಮೊದಲು ಟಿಬಿ ಇರಬಹುದೆಂದು ಕಫ ಪರೀಕ್ಷೆ ಆಯಿತು, ಎದೆಯ ಫೋಟೊ ಆಯಿತು. ಇಲ್ಲ ಎಂದರು. ಧೂಳಿನ ಅಲರ್ಜಿ ಎಂದು ಮಾತ್ರೆ ಕೊಟ್ಟರು. ನುಂಗಿದ ದಿನ ತೂಕಡಿಕೆ, ಬಿಟ್ಟ ದಿನ ಮತ್ತೆ ಅದೇ. ಒಬ್ಬ ಡಾಕ್ಟರು ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಅದನ್ನು ಹಚ್ಚಿಕೊಂಡರೆ ಸಾಯುವತನಕ ಬಿಡುವುದಿಲ್ಲ ಎಂದು ಕೇಳಿದ್ದೆ. ಡಬ್ಬಿ ಒಡೆಯದೆ ಗೂಡಿನಲ್ಲಿ ಇಟ್ಟೆ. ಇದೆಲ್ಲದರ ನಡುವೆ ಗಿರಣಿ ನಡೆದೇ ಇತ್ತು.

ಕೊನೆಗೆ ನನ್ನ ಗಂಡ ಹೊಸಪೇಟೆಯಲ್ಲಿ ಎದೆಯ ರೋಗ ನೋಡುವ ಡಾಕ್ಟರೊಬ್ಬರ ಬಳಿಗೆ ಕರೆದುಕೊಂಡು ಹೋದರು. ವಯಸ್ಸಾದ ಹೆಂಗಸು, ಮೆತ್ತಗೆ ಮಾತಾಡುವವರು. ಒಂದು ಕೊಳವೆಗೆ ಉಸಿರಿದ್ದಷ್ಟೂ ಊದಿಸಿದರು. ಔಷಧಿ ಎಳೆದುಕೊಳ್ಳಲು ಕೊಟ್ಟು, ಹೊರಗೆ ಕೂರಿಸಿ, ಮತ್ತೆ ಊದಿಸಿದರು. ಎರಡನೆಯ ಸಲ ನನಗೇ ಗೊತ್ತಾಗುವಷ್ಟು ಹೆಚ್ಚು ಗಾಳಿ ಬಂತು. ಇದು ಅಸ್ತಮಾ ಎಂದರು. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದಾಗ ನಮ್ಮ ಅತ್ತೆಗೆ ಇತ್ತು, ಅದರಲ್ಲೇ ಹೋದರು ಎಂದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಅವರು ನಿಮಗ ಸೋದರತ್ತಿ ಏನ್ರಿ? ಅಪ್ಪನ ತಂಗಿ, ಅಕ್ಕ?"

"ಅಲ್ರಿ. ಹೊರಗಿನ ಸಂಬಂಧ. ಮದುವಿಗೆ ಮುಂಚೆ ಅವರ ಮುಖಾನೂ ನೋಡಿದ್ದಿಲ್ಲ."

"ಹಂಗಾದ್ರ ಅವರ ರೋಗ ರಕ್ತದಾಗ ನಿಮಗ ಬರಾಕ ಹೆಂಗ ಸಾಧ್ಯ?" ಎಂದರು. ಅತ್ತೆ ಏನು ಕೆಲಸ ಮಾಡುತ್ತಿದ್ದರು, ನಾನು ಏನು ಮಾಡುತ್ತೇನೆ ಎಂದು ಕೇಳಿದರು.

ಗಿರಣಿಯ ಮಾತು ಬಂದ ಮೇಲೆ ಅವರು ಇನ್ನೂ ಕೇಳಿದರು. ಗಿರಣಿ ಬಂದ್ ಇದ್ದ ದಿನ ಕಡಿಮೆ ಇರುತ್ತದೆಯೇ ಎಂದರು. ಗಿರಣಿಯ ಹಿಂದೆಯೇ ಮಲಗುತ್ತೇವೆ, ಹಾಸಿಗೆಯ ಮೇಲೂ ಹಿಟ್ಟೇ, ರಜೆ ಎಂಬುದು ನಮಗೆ ಗೊತ್ತೇ ಆಗುವುದಿಲ್ಲ ಎಂದೆ. ಬೇರೆ ಊರಿಗೆ ಹೋದಾಗ? ನಾನು ಎಲ್ಲಿಗೂ ಹೋಗಿರಲಿಲ್ಲ. ಆಗ ನನ್ನ ಗಂಡ, ಮೂಲೆಯ ಕುರ್ಚಿಯಲ್ಲಿ ಕೂತಿದ್ದವರು, ಅವ್ವ ಸಂಡೂರಿಗೆ ಹೋದರೆ ಆರಾಮಿರುತ್ತಿದ್ದಳು ಎಂದರು. ಹೇಳುತ್ತಾ ಹೇಳುತ್ತಾ ಅವರ ದನಿ ಇಳಿಯಿತು. ಏನು ಹೇಳುತ್ತಿದ್ದೇನೆ ಎಂಬುದು ಅವರಿಗೆ ಆಗಲೇ ತಿಳಿದಂತಿತ್ತು.

ಡಾಕ್ಟರು ಆಗಲೇ ತೀರ್ಮಾನ ಹೇಳಲಿಲ್ಲ. ಕೈಯಲ್ಲಿ ಹಿಡಿದು ಊದುವ ಸಣ್ಣ ಪ್ಲಾಸ್ಟಿಕ್ ಕೊಳವೆಯೊಂದನ್ನು ಕೊಟ್ಟು, ಕೆಲವು ವಾರ ಗಿರಣಿಯಲ್ಲಿದ್ದಾಗ, ಕೆಲವು ವಾರ ಹಿಟ್ಟಿನಿಂದ ಪೂರ್ತಿ ದೂರ ಇದ್ದಾಗ, ದಿನಕ್ಕೆ ಹಲವು ಸಲ ಊದಿ ಅದರ ಮುಳ್ಳು ಎಲ್ಲಿಗೆ ಹೋಗುತ್ತದೆ ನೋಡಿಕೊಳ್ಳಲು ಹೇಳಿದರು. ಉಸಿರು ಸಲೀಸಾದಷ್ಟೂ ಮುಳ್ಳು ಮೇಲೇರುತ್ತದೆ ಎಂದರು. ಗೂಡಿನಲ್ಲಿಟ್ಟ ಪಂಪಿನ ವಿಷಯಕ್ಕೆ ಬೈದರು. ಚಟ ಹಿಡಿಯುವ ವಸ್ತು ಅದಲ್ಲ, ರೋಗ ಇರುವತನಕ ಬೇಕಾಗುವ ಔಷಧಿ ಎಂದು ಬಿಡಿಸಿ ಹೇಳಿ, ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸುವುದನ್ನೂ ತೋರಿಸಿಕೊಟ್ಟರು.

ಕಂಪ್ಲಿಯಲ್ಲಿ ಮುಳ್ಳು ಮೇಲೇರಲೇ ಇಲ್ಲ. ಆಮೇಲೆ ನಾನು ಬುಕ್ಕಸಾಗರಕ್ಕೆ ಹೋದೆ. ಅಣ್ಣನ ಮನೆ. ಗದ್ದೆಗಳು ಇನ್ನೂ ಹಸಿರಾಗಿದ್ದವು, ಕೊಯ್ಲಿಗೆ ಬಹಳ ದಿನ ಇತ್ತು. ನನ್ನನ್ನು ಅಡುಗೆಮನೆಗೆ ಬಿಡದೆ ಅತ್ತಿಗೆ ತಾನೇ ಹಿಟ್ಟು ಮುಟ್ಟುತ್ತಿದ್ದಳು. ಮೊದಲ ಕೆಲವು ದಿನ ಏನೂ ಬದಲಾಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಎದ್ದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ನಡುವೆ ಒಮ್ಮೆಯೂ ಕೆಮ್ಮಿ ಎದ್ದಿರಲಿಲ್ಲ. ಊದಿದರೆ ಮುಳ್ಳು ನಾನು ಅದುವರೆಗೆ ನೋಡಿರದ ಎತ್ತರಕ್ಕೆ ಹೋಯಿತು. ಮುಂದಿನ ವಾರ ಅತ್ತಿಗೆಯ ಜೊತೆ ಹಂಪಿಗೆ ಹೋಗಿ, ಗುಡಿ ಮುಗಿಸಿ, ಹೇಮಕೂಟದ ಬಂಡೆ ಹತ್ತಿದೆ. ಎಲ್ಲಿಯೂ ಕೂರದೆ ಹತ್ತಿದೆ. ಅತ್ತಿಗೆ ಖುಷಿಯಿಂದ ಬೆನ್ನು ತಟ್ಟಿದಳು. ನನಗೆ ಅಲ್ಲಿ ನಿಂತು ಅಳು ಬಂತು. ಸಂಡೂರಿನ ಗುಡ್ಡದ ಗುಡಿಗೆ ನಡೆದು ಹೋಗಿ ಬಂದೆ ಎಂದು ಅತ್ತೆ ಫೋನಿನಲ್ಲಿ ಹೇಳುತ್ತಿದ್ದದ್ದು ಕಿವಿಯಲ್ಲಿ ಕೇಳಿದಂತಾಯಿತು. ಅವರೂ ಹೀಗೇ ಹತ್ತಿದ್ದರು. ಹತ್ತಿ, ಇಳಿದು, ಮತ್ತೆ ಗಿರಣಿಗೆ ಬಂದಿದ್ದರು.

ಕಂಪ್ಲಿಗೆ ವಾಪಸಾಗಿ ಗಿರಣಿ ಚಾಲೂ ಮಾಡಿದ ವಾರದಲ್ಲೇ ಮುಳ್ಳು ಇಳಿಯಿತು. ಡಾಕ್ಟರಿಗೆ ಅಷ್ಟು ಸಾಕಾಯಿತು. ಹಿಟ್ಟೇ ಕಾರಣ ಎಂದರು. ಜೋಳದ ರೊಟ್ಟಿ, ಗೋಧಿ ಚಪಾತಿ ತಿಂದರೆ ಏನೂ ಆಗುವುದಿಲ್ಲ, ಗಾಳಿಯಲ್ಲಿ ಹಾರುವ ಹಿಟ್ಟು ಶ್ವಾಸಕ್ಕೆ ಹೋದರೆ ಕಷ್ಟ. ಪಂಪು ಎಷ್ಟು ಎಳೆದುಕೊಂಡರೂ ಹಿಟ್ಟಿನಲ್ಲಿ ನಿಂತರೆ ಅದು ಪೂರ್ತಿ ಕೆಲಸ ಮಾಡುವುದಿಲ್ಲ. ಬೇಗ ದೂರವಾದಷ್ಟು ಒಳ್ಳೆಯದು. ಪೂರ್ತಿ ಹೋಗುತ್ತದೆಯೇ ಎಂದು ಕೇಳಿದೆ. ಹೇಳಲು ಬರುವುದಿಲ್ಲ, ತಡವಾಗಿದೆ ಎಂದರು. ಅತ್ತೆಯ ಬಗ್ಗೆ ಕೇಳಿದಾಗ, ಅವರನ್ನು ನಾನು ಪರೀಕ್ಷೆ ಮಾಡಿಲ್ಲ, ಇದೇ ಆಗಿರಬಹುದು ಎಂದಷ್ಟೇ ಹೇಳಬಲ್ಲೆ ಎಂದರು.

ಗಿರಣಿ ಬಿಡಲು ನಮಗೆ ಮನಸ್ಸು ಬರಲಿಲ್ಲ. ನನ್ನ ಗಂಡ ಗೋಡೆ ಒಡೆದು ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನು ಕೂರಿಸಿದರು, ನಡುಮನೆಗೂ ಗಿರಣಿಗೂ ನಡುವೆ ಬಾಗಿಲು ಹಾಕಿಸಿದರು, ನಾನು ಕಸಬರಿಗೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದೆ. ಕೊರೊನಾ ಕಾಲದ ಮಾಸ್ಕುಗಳು ಮುಗಿದು, ಡಾಕ್ಟರು ಹೇಳಿದ ದಪ್ಪನೆಯ ಮಾಸ್ಕು ತಂದೆವು. ಅದನ್ನು ಹಾಕಿಕೊಂಡು ಬೇಸಿಗೆಯಲ್ಲಿ ಬಿಸಿ ಹಿಟ್ಟಿನ ಮುಂದೆ ನಿಂತರೆ ಮುಖ ಬೆಂದಂತಾಗುತ್ತಿತ್ತು. ಆಮೇಲೆ ಗಂಡನೇ ಬೀಸಲು ನಿಂತರು, ನಾನು ಹಿಂದಿನ ಕೋಣೆಯಲ್ಲಿ ಇದ್ದೆ. ಅವರ ಅಂಗಿಯಲ್ಲಿ, ತಲೆಗೂದಲಲ್ಲಿ ಹಿಟ್ಟು ಒಳಗೆ ಬರುತ್ತಿತ್ತು. ಒಂದು ಸಂಜೆ ಅವರು ಬಂದು ಪಕ್ಕದಲ್ಲಿ ಕೂತಷ್ಟಕ್ಕೇ ನನಗೆ ಉಸಿರು ಹಿಡಿಯಿತು. ಅವರು ಎದ್ದು ಬಚ್ಚಲಿಗೆ ಹೋದರು. ತಲೆಗೆ ನೀರು ಸುರಿದುಕೊಳ್ಳುವುದು ಬಹಳ ಹೊತ್ತು ಕೇಳುತ್ತಿತ್ತು. ಹೊರಗೆ ಬಂದವರೇ, "ನಾಳಿಂದ ಬಂದ್ ಮಾಡೂಣು" ಎಂದರು.

ಗಿರಣಿ ಮಾರುವ ಮೊದಲು ಅಕ್ಕನಿಗೆ ಹೇಳಬೇಕಿತ್ತು. ಅದು ಅವರ ಅವ್ವನ ಗಿರಣಿಯೂ ಹೌದು. ನಾನೊಬ್ಬಳೇ ಸಂಡೂರಿನ ಬಸ್ಸು ಹತ್ತಿದೆ. ಇಷ್ಟು ವರ್ಷ ನನ್ನ ಮೇಲಿದ್ದ ಮಾತು ಇಳಿಯುತ್ತದೆ ಎಂಬ ಆಸೆ ನನಗೆ ದಾರಿಯುದ್ದಕ್ಕೂ ಇತ್ತು. ಅಕ್ಕ ಬಾಗಿಲು ತೆಗೆದು ಕೂರಿಸಿದರು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಹಿಟ್ಟಿನ ಮಾತು, ಬುಕ್ಕಸಾಗರದಲ್ಲಿ ನನಗೆ ಕಡಿಮೆಯಾದದ್ದು, ಅವ್ವ ಇಲ್ಲಿ ಆರಾಮಿರುತ್ತಿದ್ದುದು ಅದಕ್ಕೇ ಇರಬಹುದು ಎಂಬುದು.

ಅಕ್ಕ ನೆಲ ನೋಡುತ್ತಾ ಕೇಳಿದರು. ನನ್ನನ್ನು ಬೈಯಲಿಲ್ಲ, ತಪ್ಪಾಯಿತು ಎಂದೂ ಹೇಳಲಿಲ್ಲ. "ಪ್ರತಿ ಸರ್ತಿ ಅವ್ವನ್ನ ನಾನ ಬಸ್ಸಿಗೆ ಹತ್ತಿಸಿ ಬಂದೀನಿ," ಎಂದರು. "ಇನ್ನೊಂದು ವಾರ ಇರತೀನಿ ಅಂತಿದ್ಲು. ಹಬ್ಬ ಬಂತು, ಗಿರಣಿ ಬಂದ್ ಇದ್ರ ಮಂದಿ ಬ್ಯಾರೆ ಕಡೆ ಹೋಗ್ತಾರ ಹೋಗವ್ವ ಅಂತ ನಾನ ಕಳಿಸೀನಿ."

ನಾನು ಏನು ಆಸೆ ಹೊತ್ತು ಹೋಗಿದ್ದೆನೋ ಅದು ಅಲ್ಲೇ ಸತ್ತಿತು. ನನ್ನ ಮೇಲಿಂದ ಇಳಿದದ್ದು ಅವರ ಮೇಲೆ ಕೂತಿತ್ತು. ನಿಮಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ ಅಕ್ಕ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಊಟ ಮಾಡಿ ಹೋಗು ಎಂದು ಎದ್ದರು. ಇಬ್ಬರೂ ಎದುರುಬದುರು ಕೂತು ಉಂಡೆವು. ಸಂಜೆ ಬಸ್‌ಸ್ಟ್ಯಾಂಡಿನತನಕ ಬಂದರು. ಬಸ್ಸು ಬಂದಾಗ ನನ್ನನ್ನು ಹತ್ತಲು ಬಿಡದೆ ಸ್ವಲ್ಪ ಹೊತ್ತು ಕೈ ಹಿಡಿದುಕೊಂಡೇ ಇದ್ದರು.

ಗಿರಣಿಯನ್ನು ಗಂಗಾವತಿ ಕಡೆಯ ಗಂಡ ಹೆಂಡತಿ ಕೊಂಡರು. ಮನೆಯಿಂದ ದೂರ ಶೆಡ್ಡು ಹಾಕಿ, ಗಾಳಿ ಆಡುವ ಹಾಗೆ ನಡೆಸಿ, ಸೀನು ಶುರುವಾದರೆ ಸುಮ್ಮನಿರಬೇಡಿ ಎಂದು ನಾನು ಆ ಹೆಂಗಸಿಗೆ ಹೇಳಿದೆ. ಆಯಿತಕ್ಕ ಎಂದಳು. ಅವಳ ಕಣ್ಣು ಬೀಸುಕಲ್ಲಿನ ಮೇಲಿತ್ತು. ಕಲ್ಲನ್ನು ಹಗ್ಗ ಕಟ್ಟಿ ಟ್ರ್ಯಾಕ್ಟರಿಗೆ ಏರಿಸುವಾಗ ನನ್ನ ಗಂಡ ಹೊರಗೆ ನಿಲ್ಲಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ, ಮಾಸ್ಕು ಹಾಕಿಕೊಂಡು.

ಮುಂದಿನ ಕೋಣೆಯಲ್ಲಿ ಈಗ ಗಂಡ ಮೋಟಾರು ರಿಪೇರಿ ಇಟ್ಟುಕೊಂಡಿದ್ದಾರೆ. ಕಟ್ಟೆಯ ಮೇಲೆ ಯಾರೂ ಕೂರುವುದಿಲ್ಲ; ಮೋಟಾರು ತಂದ ಗಂಡಸರು ನಿಂತೇ ಮಾತಾಡಿ ಹೋಗುತ್ತಾರೆ. ನನಗೆ ಬೆಳಿಗ್ಗೆ ಸಂಜೆ ಪಂಪು ಬೇಕೇ ಬೇಕು. ಭತ್ತದ ಕೊಯ್ಲಿನ ಕಾಲದಲ್ಲಿ, ಚಳಿಯಲ್ಲಿ, ಎದೆ ಈಗಲೂ ಹಿಡಿಯುತ್ತದೆ. ಮೊದಲಿನಷ್ಟಿಲ್ಲ. ಮಗಳು ಮದುವೆಯಾಗಿ ಹೋಗಿದ್ದಾಳೆ; ಒಣ ಹಿಟ್ಟು ಮುಟ್ಟಬೇಡಿ ಎಂದು ಡಾಕ್ಟರು ನನಗೆ ಹೇಳಿದ ಮೇಲೆ ರೊಟ್ಟಿ ಬಡಿಯುವುದು ಗಂಡನ ಪಾಲಿಗೆ ಬಂತು. ಐವತ್ತು ದಾಟಿದ ಗಂಡಸು, ಬಾಗಿಲು ಹಾಕಿಕೊಂಡು ಕಲಿತರು. ನಾನು ಹಿತ್ತಲಿನ ಕಲ್ಲಿನ ಮೇಲೆ ಕೂತು ರೊಟ್ಟಿ ಬಡಿಯುವ ಸದ್ದು ಕೇಳುತ್ತಿರುತ್ತೇನೆ. ಒಂದು ಪೆಟ್ಟು ಜೋರು, ಒಂದು ಮೆತ್ತಗೆ. ರೊಟ್ಟಿಯ ಅಂಚು ಹರಿದಿರುತ್ತದೆ. ಸುಟ್ಟು, ಹಿಟ್ಟು ಝಾಡಿಸಿ, ತಟ್ಟೆಯಲ್ಲಿ ಹಾಕಿ ಹಿತ್ತಲಿಗೇ ತಂದುಕೊಡುತ್ತಾರೆ. ಇಬ್ಬರೂ ಅಲ್ಲೇ ಕೂತು ಉಣ್ಣುತ್ತೇವೆ.